ತಾರೀಖಮ್ಮ ಮತ್ತು ಕಳುವಾದ ಜನವರಿ ಒಂದು

ನಮ್ಮ ಅತ್ತಿಗೆಯ ಕಥೆಯನ್ನು ಅವರ ಮದುವೆಗೆ ಮುಂಚೆ ಬಂದ ಒಂದು ಫೋನಿನಿಂದಲೇ ಶುರು ಮಾಡಬೇಕು. ಕರೆಯೋಲೆ ಅಚ್ಚಾಗಿ ಬಂದಿತ್ತು. ನಾವೆಲ್ಲ ಅದರ ಬಣ್ಣ, ಅಂಚು, ಕಾಗದದ ದಪ್ಪ ಮುಟ್ಟಿ ಮುಟ್ಟಿ ನೋಡಿ ಹಿಗ್ಗುತ್ತಿದ್ದೆವು. ಆಗ ಹುಡುಗಿಯ ಮನೆಯಿಂದ ಫೋನು ಬಂತು. ಎತ್ತಿದವಳು ನಾನು. ಮಾತಾಡಿದವರು ಸಾಕ್ಷಾತ್ ಮದುಮಗಳು.

"ನಿಮ್ಮಣ್ಣ ಮದುವೆಗೆ ಶುಕ್ರವಾರ ಬರ್ತಾರೋ, ಹದಿನಾರನೇ ತಾರೀಖು ಬರ್ತಾರೋ? ಕೇಳಿ ಹೇಳ್ತೀರಾ? ಎರಡೂ ಒಂದೇ ದಿನ ಅಲ್ಲ."

ನಿಜ. ಶುಕ್ರವಾರ ಹದಿನೇಳು. ಎರಡು ಮನೆಯ ಹಿರಿಯರು ಕನ್ನಡಕ ಏರಿಸಿ ಓದಿ ಒಪ್ಪಿದ ಕರೆಯೋಲೆ ಅದು. ಎಂಥ ಗಟ್ಟಿಗಿತ್ತಿ ಗಂಟುಬಿದ್ದಳಪ್ಪಾ ನಮ್ಮಣ್ಣನಿಗೆ ಎಂದು ನಾನು ಅಂದೇ ಮೂಗು ಮುರಿದೆ. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಹಾಗಾಗಿ ಮುರಿಯುವುದು ಸುಲಭ. ಕರೆಯೋಲೆ ಮತ್ತೆ ಅಚ್ಚಾಯಿತು. ಅಣ್ಣ ಶುಕ್ರವಾರವೇ ಹೋಗಿ ಮದುವೆಯಾಗಿ ಬಂದ.

ಅತ್ತಿಗೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅಣ್ಣ ಇವತ್ತಿಗೂ "ಕಂಪ್ಯೂಟರಿಗೆ ತಾರೀಖು ಬರೆಯೋಕೆ ಕಲಿಸ್ತಾಳೆ" ಎನ್ನುತ್ತಾನೆ. ತಮಾಷೆಗೆ ಹೇಳುವುದಾದರೂ ಮಾತು ಸುಳ್ಳಲ್ಲ. ಯಂತ್ರದ ಹೊಟ್ಟೆಯಲ್ಲಿ ತಾರೀಖು ನಮ್ಮ ಹಾಗೆ ಇರುವುದಿಲ್ಲವಂತೆ. ಅಲ್ಲಿರುವುದು ಬರೀ ಒಂದು ಉದ್ದನೆಯ ಸಂಖ್ಯೆ. ಅದನ್ನು ಮನುಷ್ಯರು ಓದುವ ಅಕ್ಷರ ಮಾಡಿ ಟಿಕೆಟ್ಟಿನ ಮೇಲೆ, ರಸೀದಿಯ ಮೇಲೆ, ಗುರುತಿನ ಕಾರ್ಡಿನ ಮೇಲೆ ಕೂರಿಸುವ ಕೋಡ್ ಬರೆಯುವುದು ಅತ್ತಿಗೆಯ ಕೆಲಸ. ಒಬ್ಬರಿಗೆ ದಿನ ಮೊದಲು ಬೇಕು, ಇನ್ನೊಬ್ಬರಿಗೆ ತಿಂಗಳು ಮೊದಲು ಬೇಕು. ಕೆಲವರಿಗೆ ನಡುವೆ ಚುಕ್ಕಿ, ಕೆಲವರಿಗೆ ಅಡ್ಡಗೆರೆ. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯಿರಿ, ಜಾಗ ಸಾಲದು ಎನ್ನುವ ಜಿಪುಣರೂ ಉಂಟು. ಅಂಥವರು ಸಿಕ್ಕ ದಿನ ಅತ್ತಿಗೆಗೆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಮನೆಯ ಫ್ರಿಜ್ಜಿನಲ್ಲಿ ನಿನ್ನೆಯ ಪಲ್ಯದ ಡಬ್ಬಿಗೂ ಅವರು ದಿನ, ತಿಂಗಳು, ಇಸವಿ ಬರೆದ ಚೀಟಿ ಅಂಟಿಸುತ್ತಾರೆ. ಆ ಪಲ್ಯ ಮುಂದಿನ ವರ್ಷದವರೆಗೂ ಉಳಿದರೆ ಗೊಂದಲವಾಗಬಾರದಲ್ಲ ಎಂದು ಅಣ್ಣ ರೇಗಿಸುತ್ತಾನೆ. ಕಚೇರಿಯಲ್ಲಿ ಅವರಿಗೆ ತಾರೀಖಮ್ಮ ಎಂದೇ ಹೆಸರು.

ಕಚೇರಿ ಎಂದರೆ ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆ. ಮಾಲೀಕರು, ಅತ್ತಿಗೆ, ಇನ್ನೂ ನಾಲ್ಕಾರು ಜನ. ಮೆಟ್ಟಿಲು ಹತ್ತುವಾಗ ಹೊಸ ಚರ್ಮದ ವಾಸನೆ, ಒಳಗೆ ಹೋದರೆ ಮೂಲೆಯ ಕಪಾಟಿನಲ್ಲಿ ಗುಂಯ್‌ಗುಡುವ ದೊಡ್ಡ ಯಂತ್ರ. ಎಲ್ಲರ ಕೆಲಸವೂ ಅದರೊಳಗೇ ನಡೆಯುತ್ತಿತ್ತು. ಈ ವರ್ಷ ಅದಕ್ಕೆ ವಯಸ್ಸಾಯಿತೆಂದು ನಿವೃತ್ತಿ ಕೊಟ್ಟು, ಎಲ್ಲೋ ದೂರದ ದೇಶದಲ್ಲಿರುವ ಬಾಡಿಗೆ ಯಂತ್ರಕ್ಕೆ ಕೆಲಸವನ್ನೆಲ್ಲ ಸಾಗಿಸಿದರು. ಕಪಾಟಿನ ಜಾಗಕ್ಕೆ ಕುಡಿಯುವ ನೀರಿನ ಕ್ಯಾನು ಬಂತು. ಸದ್ದಿಲ್ಲದೆ ಕೆಲಸ ಮಾಡಲು ಬೇಜಾರು ಎಂದು ಅತ್ತಿಗೆ ಒಂದು ವಾರ ಗೊಣಗಿದರು. ಆ ಸದ್ದಿನ ಜೊತೆಗೆ ಇನ್ನೇನು ಹೋಯಿತು ಎನ್ನುವುದು ಆಗ ಅವರಿಗೂ ಹೊಳೆಯಲಿಲ್ಲ.

ಈಗ ನನ್ನ ಮಗಳ ವಿಷಯ. ಅವಳು ಹುಟ್ಟಿದ್ದು ಹೊಸ ವರ್ಷದ ಮೊದಲ ಬೆಳಿಗ್ಗೆ. ಹೆರಿಗೆ ಕೋಣೆಯ ಹೊರಗೆ ಕಾದವರು ಅತ್ತಿಗೆ. ನನ್ನ ಗಂಡ ಕಾಫಿ ತರುತ್ತೇನೆಂದು ಹೋಗಿ ಹೊತ್ತಿಗೆ ಸರಿಯಾಗಿ ತಪ್ಪಿಸಿಕೊಂಡಿದ್ದರು. ಮಗುವನ್ನು ಒರೆಸಿ ಸುತ್ತಿ ತಂದ ನರ್ಸಮ್ಮ, ಕೈಗೆ ಕಟ್ಟುವ ಪಟ್ಟಿಯ ಮೇಲೆ ತಾರೀಖು ಬರೆಯುವಾಗ ರೂಢಿಬಲದಿಂದ ಹಳೆಯ ಇಸವಿಯನ್ನೇ ಬರೆದರಂತೆ. ಅತ್ತಿಗೆ ಮಗುವಿನ ಮುಖ ನೋಡುವುದಕ್ಕೂ ಮೊದಲು ಪಟ್ಟಿ ನೋಡಿ, "ಸಿಸ್ಟರ್, ಇಸವಿ ಬದಲಾಯ್ತು" ಎಂದು ತಿದ್ದಿಸಿದರು. ಆಮೇಲೆ ಮುಖ ನೋಡಿ ಅತ್ತರು. ಇದನ್ನು ನರ್ಸಮ್ಮನೇ ನಗುತ್ತಾ ನನಗೆ ಹೇಳಿದ್ದು.

ಆ ಮಗು ಬೆಳೆದು ನೀರು ಬಿಟ್ಟರೆ ಬದುಕೇ ಇಲ್ಲ ಎನ್ನುವ ಹುಡುಗಿಯಾದಳು. ಅವಳ ಮಾವ, ಅಂದರೆ ನನ್ನ ಅಣ್ಣ, ಇಟ್ಟ ಹೆಸರು ಕಪ್ಪೆಮರಿ. ಬೆಳಿಗ್ಗೆ ಎಬ್ಬಿಸಲು ನಾನು ಗಂಟಲು ಹರಿದುಕೊಳ್ಳಬೇಕಾಗಿಲ್ಲ, ಈಜುಕೊಳ ಎಂದರೆ ಸಾಕು. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಈಜು ಸ್ಪರ್ಧೆಯಲ್ಲಿ ಮೊದಲ ಮೂವರಿಗೆ ತರಬೇತಿ ಶಿಬಿರ. ಅಲ್ಲಿ ದೊಡ್ಡ ಕೋಚ್ ಇದ್ದಾರೆ, ದೊಡ್ಡ ಕೊಳ ಇದೆ. ಹೋದ ಎರಡು ಸಲವೂ ನಮ್ಮವಳು ನಾಲ್ಕನೆಯವಳಾಗಿ ಬಂದು, ಮನೆಗೆ ಬರುವ ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಚಿಕ್ಕವರ ಗುಂಪಿನಲ್ಲಿ ಇದು ಅವಳ ಕೊನೆಯ ವರ್ಷ. ಆ ಗುಂಪಿಗೆ ಅವಳು ಹುಟ್ಟಿದ ವರ್ಷದ ಜನವರಿ ಒಂದೇ ಗಡಿ. ಅಂದು ಹುಟ್ಟಿದವರು ಒಳಗೆ, ಹಿಂದಿನ ದಿನ ಹುಟ್ಟಿದವರು ಹೊರಗೆ. ಗುಂಪಿನಲ್ಲೆಲ್ಲ ನಮ್ಮವಳೇ ದೊಡ್ಡವಳು, ಉದ್ದ ಕೈಯವಳು. ಈ ಸಲ ಬಿಟ್ಟರೆ ಮುಂದಿನ ವರ್ಷ ಮರದಂತೆ ಬೆಳೆದ ಹುಡುಗಿಯರ ಜೊತೆ ಈಜಬೇಕು.

ಸ್ಪರ್ಧೆಗೆ ಹೆಸರು ಕೊಡುವುದು, ಕಾರ್ಡು ಮಾಡುವುದು ಎಲ್ಲವೂ ಅತ್ತಿಗೆಯ ಕಚೇರಿಯವರು ಬರೆದ ಸಾಫ್ಟ್‌ವೇರಿನಲ್ಲೇ. ನಾನು ಮನೆಯಲ್ಲೇ ಕೂತು ಫೋನಿನಲ್ಲಿ ವಿವರ ತುಂಬಿದ್ದೆ. ಜನವರಿ ಒಂದು ಎಂದೇ ಹಾಕಿದ್ದೆ, ಪರದೆಯ ಮೇಲೂ ಜನವರಿ ಒಂದು ಎಂದೇ ತೋರಿಸಿತ್ತು. ಸ್ಪರ್ಧೆಯ ಬೆಳಿಗ್ಗೆ ಈಜುಕೊಳದ ಬಾಗಿಲಲ್ಲಿ ಕಾರ್ಡು ಹಂಚಿದರು. ಕೊರಳಿಗೆ ಹಾಕುವ ನೀಲಿ ದಾರ, ಫೋಟೋ, ಹೆಸರು. ಎಲ್ಲ ಮಕ್ಕಳೂ ಫೋಟೋ ನೋಡಿ ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡರು. ಹುಟ್ಟಿದ ತಾರೀಖನ್ನು ಯಾರು ನೋಡುತ್ತಾರೆ? ಅದು ಎಲ್ಲರಿಗೂ ಗೊತ್ತಿರುವುದೇ.

ನೋಡಿದವರು ಸೀಟಿ ಮೇಷ್ಟ್ರು. ಕೊರಳಲ್ಲಿ ಕಾರ್ಡಿನ ಜೊತೆ ಹಳೆಯ ಹಿತ್ತಾಳೆ ಸೀಟಿ ನೇತುಹಾಕಿಕೊಂಡ ಮುಖ್ಯ ತೀರ್ಪುಗಾರರು. ಮಕ್ಕಳನ್ನು ಸಾಲು ನಿಲ್ಲಿಸಿ ಕಾರ್ಡು ನೋಡುತ್ತಾ ಬಂದವರು ನನ್ನ ಮಗಳ ಮುಂದೆ ನಿಂತರು. ಕಾರ್ಡಿನ ಮೇಲೆ ಡಿಸೆಂಬರ್ ಮೂವತ್ತೊಂದು ಎಂದಿತ್ತು, ಇಸವಿಯೂ ಹಿಂದಿನದು. ಇವಳು ಈ ಗುಂಪಿನವಳಲ್ಲ ಎಂದು ಸಾಲಿನಿಂದ ಪಕ್ಕಕ್ಕೆ ನಿಲ್ಲಿಸಿದರು. ನನ್ನ ಕಪ್ಪೆಮರಿ ಈಜುಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನನ್ನ ಕಡೆ ನೋಡಿದಳು. ನನಗೆ ಕೋಪ ಬಂತು, ಅದು ನನಗೆ ತಡವಾಗುವುದಿಲ್ಲ.

ಹೋಗಿ ಜಗಳ ತೆಗೆದೆ. ನಾನು ಹೆತ್ತವಳು, ನನಗೆ ಗೊತ್ತಿಲ್ಲದ ತಾರೀಖು ನಿಮ್ಮ ಕಾರ್ಡಿಗೆ ಗೊತ್ತೇ ಎಂದೆ. ಜನನ ಪ್ರಮಾಣಪತ್ರದ ಚಿತ್ರ ಫೋನಿನಲ್ಲಿ ತೋರಿಸಿದೆ. ಮೇಷ್ಟ್ರು ಸಿಡುಕಲಿಲ್ಲ. ಹೋದ ವರ್ಷ ಇಂಥದೇ ಚಿತ್ರಗಳನ್ನು ತಿದ್ದಿ ತಂದವರಿದ್ದರು, ಅದಕ್ಕೇ ಈ ಸಲ ಕಾರ್ಡು ಬಿಟ್ಟು ಬೇರೇನನ್ನೂ ನೋಡಬಾರದೆಂದು ನಿಯಮ ಮಾಡಿದ್ದೇವೆ ಎಂದು ತಾಳ್ಮೆಯಿಂದಲೇ ಹೇಳಿದರು. ತಾಳ್ಮೆಯವರ ಜೊತೆ ಜಗಳವಾಡುವುದು ಎಷ್ಟು ಕಷ್ಟ ಎನ್ನುವುದು ಆಡಿದವರಿಗೇ ಗೊತ್ತು. ಕಾರ್ಡಿಗೆ ಟೈಪು ಮಾಡಿದವರ ಕೈಗೆ ಏನು ಬಂದಿತ್ತು ಎಂದು ಕಾರ್ಡಿನ ಮೇಜಿನಲ್ಲಿ ಕೂತವನ ಮೇಲೆ ಹರಿಹಾಯ್ದೆ. ಅವನು ಪಾಪ, ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಪರದೆಯ ಮೇಲೆ ಜನವರಿ ಒಂದು ಎಂದೇ ಇತ್ತು. ಕಾರ್ಡಿನ ಮೇಲೆ ಡಿಸೆಂಬರ್. ಇಬ್ಬರೂ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದೆವು.

ಅಷ್ಟರಲ್ಲಿ ಮೇಲಿನ ಮೆಟ್ಟಿಲಿನಲ್ಲಿ ಜಾಗ ಹಿಡಿದು ಕೂತಿದ್ದ ಅತ್ತಿಗೆ ಇಳಿದು ಬಂದರು. ಕಾರ್ಡು ನೋಡಿದರು, ಪರದೆ ನೋಡಿದರು. ಮುಖ ಬಿಳಿಚಿತು, ಮರುಕ್ಷಣವೇ ಕೆಂಪಾಯಿತು. ಕಣ್ಣಲ್ಲಿ ಎಂಥದೋ ಹೊಳಪು. ಕೈಯಾಡಿಸಿ ಕೈಯಾಡಿಸಿ ಸಿಗದ ಬೀಗದ ಕೈ ಸೆರಗಿನ ಗಂಟಲ್ಲೇ ಸಿಕ್ಕವರ ಹಾಗೆ.

"ಇದು ಟೈಪಿಂಗ್ ತಪ್ಪಲ್ಲ ಕಣೇ," ಎಂದರು. "ನಂದು."

ಆಮೇಲೆ ಅವಸರವಸರವಾಗಿ ಹೇಳಿದ್ದು ನನಗೆ ಅರ್ಥವಾದಷ್ಟು ಇಷ್ಟು. ಯಂತ್ರ ಹುಟ್ಟಿದ ದಿನವನ್ನು ಒಂದು ಗಳಿಗೆಯಾಗಿ ಇಟ್ಟುಕೊಂಡಿರುತ್ತದೆ, ಆ ದಿನ ಶುರುವಾಗುವ ಮಧ್ಯರಾತ್ರಿಯ ಗಳಿಗೆ. ಅದನ್ನು ಅಕ್ಷರ ಮಾಡುವಾಗ ಅತ್ತಿಗೆಯ ಕೋಡ್ ಯಂತ್ರದ ಗಡಿಯಾರವನ್ನು ಕೇಳುತ್ತದೆ, ಈ ಗಳಿಗೆಯಲ್ಲಿ ನಿನ್ನಲ್ಲಿ ಯಾವ ತಾರೀಖು ಎಂದು. ಯಂತ್ರ ಪಕ್ಕದ ಕಪಾಟಿನಲ್ಲಿದ್ದಾಗ ಅದರ ಗಡಿಯಾರ, ನಮ್ಮ ಗಡಿಯಾರ ಎರಡೂ ಒಂದೇ. ಈಗ ಅದು ದೂರದ ದೇಶದಲ್ಲಿದೆ. ನಮ್ಮಲ್ಲಿ ಹೊಸ ದಿನ ಶುರುವಾದಾಗ ಅಲ್ಲಿ ಇನ್ನೂ ಹಿಂದಿನ ದಿನದ ಹಗಲು. ಅದು ತನಗೆ ಕಂಡ ತಾರೀಖನ್ನೇ ಪ್ರಾಮಾಣಿಕವಾಗಿ ಬರೆದು ಕಳಿಸಿದೆ. ನನ್ನ ಫೋನು, ಈ ಲ್ಯಾಪ್‌ಟಾಪು ಇಲ್ಲಿಯವು, ಅವು ಸರಿಯಾಗಿ ತೋರಿಸುತ್ತವೆ. ಕಾರ್ಡಿನ ಅಕ್ಷರ ಬರುವುದು ಅಲ್ಲಿಂದ.

"ಹಾಗಾದ್ರೆ ಇವಳೊಬ್ಬಳದೇ ಅಲ್ಲ," ಎಂದೆ ನಾನು.

ಅಲ್ಲವೇ ಅಲ್ಲ. ಅತ್ತಿಗೆ ನೇರ ಸೀಟಿ ಮೇಷ್ಟ್ರ ಹತ್ತಿರ ಹೋಗಿ, ತಾವು ಯಾರು, ಹುಡುಗಿಗೆ ಏನಾಗಬೇಕು, ಕೋಡ್ ಬರೆದವರು ಯಾರು ಎಲ್ಲವನ್ನೂ ಮೊದಲೇ ಹೇಳಿಬಿಟ್ಟರು. ಆಮೇಲೆ ಕೇಳಿದರು: "ಸರ್, ನಿಮ್ಮ ಕೊರಳಲ್ಲಿರೋ ಕಾರ್ಡ್ ಸ್ವಲ್ಪ ನೋಡ್ಕೊಳ್ತೀರಾ? ನೀವು ಹುಟ್ಟಿದ್ದು ಅದೇ ದಿನಾನಾ?"

ಮೇಷ್ಟ್ರು ಕಾರ್ಡನ್ನು ಕೈಯಳತೆ ದೂರ ಹಿಡಿದು ಓದಿದರು. ಹತ್ತಿರ ತಂದು ಓದಿದರು. ಪಕ್ಕದಲ್ಲಿ ನಿಂತ ಸಮಯ ನೋಡುವವರ ಕಾರ್ಡು ಎಳೆದು ಓದಿಸಿದರು. ಸಾಲಿನ ಮಕ್ಕಳಿಗೆಲ್ಲ ತಮ್ಮ ತಮ್ಮ ಕಾರ್ಡು ನೋಡಿಕೊಳ್ಳಲು ಹೇಳಿದರು. ಒಂದು ಕ್ಷಣ ಎಲ್ಲರ ತಲೆಯೂ ಬಗ್ಗಿತು. ಆಮೇಲೆ ಎದ್ದ ಗದ್ದಲ ಏನು ಹೇಳಲಿ, ಕೊಳದ ನೀರೇ ಅಲುಗಾಡಿದಂತಾಯಿತು. ಪ್ರತಿಯೊಬ್ಬರೂ ಒಂದೊಂದು ದಿನ ಮುಂಚೆ ಹುಟ್ಟಿದ್ದರು. ಅವಳಿ ಹುಡುಗರಿಬ್ಬರು ನಾವಿಬ್ಬರೂ ಒಟ್ಟಿಗೇ ತಪ್ಪಾಗಿ ಹುಟ್ಟಿದ್ದೇವೆ ಎಂದು ಕುಣಿದಾಡಿದರು. ಆ ಒಂದು ದಿನದಿಂದ ಬೇರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಗಡಿಯ ಮೇಲೆ ನಿಂತವಳು ನಮ್ಮವಳೊಬ್ಬಳೇ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

"ನನ್ನನ್ನೂ ಒಂದು ದಿನ ಹೆಚ್ಚಿಗೆ ಮುದುಕನ್ನ ಮಾಡಿದ್ದೀರಲ್ಲಮ್ಮ," ಎಂದು ಮೇಷ್ಟ್ರು ನಕ್ಕರು. ಆದರೆ ನಿಯಮ ಬಿಡಲಿಲ್ಲ. ನಿಮ್ಮ ಮಾತು ನಂಬಿದೆ, ಕೈಗೆ ಸರಿಯಾದ ಕಾರ್ಡು ಬರಲಿ, ಈಗ ಹುಡುಗರ ಸ್ಪರ್ಧೆಗಳು ಮುಗಿಯಬೇಕು, ಆಮೇಲೆ ಚಿಕ್ಕ ಹುಡುಗಿಯರದು, ಅವಳ ಹೆಸರು ಕೂಗುವುದರೊಳಗೆ ತಂದರೆ ಸೈ ಎಂದರು. ಸೀಟಿ ಊದಿದರು. ಮೊದಲ ಗುಂಪಿನ ಹುಡುಗರು ನೀರಿಗೆ ಹಾರಿದರು.

ಕಾರ್ಡಿನ ಮೇಜಿನವನು ಚುರುಕು. ಸುಲಭದ ಉಪಾಯ ಹೇಳಿದ. ಯಂತ್ರ ಒಂದು ದಿನ ಕಳೆಯುತ್ತದೆ ತಾನೇ, ಹುಟ್ಟಿದ ತಾರೀಖನ್ನು ಜನವರಿ ಎರಡು ಎಂದು ತುಂಬಿಬಿಡೋಣ, ಕಾರ್ಡಿನಲ್ಲಿ ತಾನಾಗಿ ಒಂದು ಎಂದು ಬೀಳುತ್ತದೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ನನಗೆ ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಬೇಗ ಒತ್ತಪ್ಪಾ ಎಂದೆ.

ಅತ್ತಿಗೆ ಅವನ ಕೈ ಹಿಡಿದರು. "ಬೇಡ. ಅವಳು ಹುಟ್ಟಿದ್ದು ಒಂದನೇ ತಾರೀಖು, ನಾನೇ ಬಾಗಿಲಲ್ಲಿ ನಿಂತಿದ್ದೆ. ಕಾರ್ಡ್ ಸರಿ ಮಾಡೋಕೆ ಅವಳ ಹುಟ್ಟನ್ನೇ ಸುಳ್ಳು ಮಾಡಲ್ಲ."

ನಾಳೆ ಕೋಡ್ ಸರಿಯಾದಾಗ ಇವಳ ತಾರೀಖು ಎರಡು ಎಂದು ಬೀಳುತ್ತದೆ, ಸ್ಪರ್ಧೆಯ ದಿನವೇ ಅವಳ ಅತ್ತೆ ಕೂತು ತಿದ್ದಿದ್ದು ಎಂದೂ ಕಾಣುತ್ತದೆ, ಶಿಬಿರದವರು ಕತ್ತು ಹಿಡಿದು ಹೊರಗೆ ಹಾಕುತ್ತಾರೆ ಎಂದರು. ಮಾತು ಸರಿಯೇ. ಆದರೆ ಮಗಳು ಅಳು ನುಂಗಿಕೊಂಡು ಗೋಡೆಗೆ ಒರಗಿ ನಿಂತಿರುವಾಗ ಸರಿಯಾದ ಮಾತು ಯಾವ ತಾಯಿಗೆ ಬೇಕು? ಮನೆಗೆ ಬೆಂಕಿ ಬಿದ್ದಿರುವಾಗ ಬಾವಿ ತೋಡುತ್ತಾರಂತೆ ಎಂದು ಮುಖಕ್ಕೆ ಹೊಡೆದಂತೆ ಅಂದೆ. ಅತ್ತಿಗೆ ಆಗಲೇ ಬಟ್ಟೆ ಬದಲಿಸುವ ಕೋಣೆಯ ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿ ತಮ್ಮ ಲ್ಯಾಪ್‌ಟಾಪ್ ತೆರೆದಿದ್ದರು. ನನ್ನ ಮಾತು ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಒಳ್ಳೆಯದೇ ಆಯಿತು.

ಅವರು ಕೆಲಸ ಮಾಡುವುದನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತೇ. ಮಕ್ಕಳು ಒದ್ದೆ ಕಾಲಲ್ಲಿ ದಾಟಿ ಹೋಗುತ್ತಿದ್ದಾರೆ, ಕ್ಲೋರಿನ್ ವಾಸನೆ, ಸೀಟಿ, ಚಪ್ಪಾಳೆ, ನೀರಿನ ಹನಿ ಪರದೆಗೆ ಸಿಡಿಯುತ್ತಿದೆ. ಇವರು ಸೆರಗಿನ ತುದಿಯಿಂದ ಒರೆಸಿಕೊಂಡು ತುಟಿ ಕಚ್ಚಿ ಓದುತ್ತಿದ್ದಾರೆ. ಕೊನೆಗೆ ಬೆರಳಿಟ್ಟು ಇಲ್ಲಿ ಎಂದರು. ಒಂದೇ ಸಾಲು. ಅದರಲ್ಲಿ ಗಡಿಯಾರವನ್ನು ಕೇಳುವ ತುಣುಕನ್ನು ಕಿತ್ತುಹಾಕಿದರು. "ಹುಟ್ಟಿದ ದಿನಕ್ಕೆ ಗಡಿಯಾರ ಕಟ್ಟಬಾರದಿತ್ತು" ಎಂದು ತಮಗೆ ತಾವೇ ಹೇಳಿಕೊಂಡರು. ದಿನ, ತಿಂಗಳು, ಇಸವಿ, ಅಷ್ಟೇ. ಅದು ಯಾವ ದೇಶಕ್ಕೆ ಹೋದರೂ ಅದೇ.

ಆದರೆ ಇನ್ನೊಬ್ಬರು ಓದಿ ಒಪ್ಪದೆ ಯಾವ ಬದಲಾವಣೆಯನ್ನೂ ಯಂತ್ರಕ್ಕೆ ಬಿಡುವ ಹಾಗಿಲ್ಲ ಎನ್ನುವುದು ಅವರ ಕಚೇರಿಯ ಕಟ್ಟಳೆ. ಮಾಲೀಕರಿಗೆ ಫೋನು ಹೋಯಿತು. ರಜೆಯ ದಿನ, ಅವರು ಎಲ್ಲೋ ಕಾರು ತೊಳೆಯುತ್ತಿದ್ದರಂತೆ. ಎಲ್ಲ ಕಾರ್ಡುಗಳೂ ತಪ್ಪು ಎಂದು ಕೇಳಿದವರೇ ನೀರಿನ ಪೈಪು ಬಿಸಾಕಿ ಲ್ಯಾಪ್‌ಟಾಪ್ ತೆಗೆದರು. ಅತ್ತಿಗೆ ಮುಚ್ಚಿಡಲಿಲ್ಲ. ತಪ್ಪು ನನ್ನದು ಸರ್, ಈಗ ಕಾಯುತ್ತಿರುವವಳು ನನ್ನ ನಾದಿನಿಯ ಮಗಳೇ, ಅದಕ್ಕೇ ನೀವು ಎರಡು ಸಲ ಓದಿ ಎಂದರು. ಅವರು ಎರಡು ಸಲವೇ ಓದಿದರು, ಪುಣ್ಯಾತ್ಮ. ಕೊಳದಲ್ಲಿ ಹುಡುಗರ ಕೊನೆಯ ಗುಂಪು ನೀರಿಗೆ ಹಾರುವ ಹಲಗೆ ಏರಿತು. ಒಪ್ಪಿಗೆ ಬಂತು. ಮೇಜಿನವನು ಗುಂಡಿ ಒತ್ತಿದ. ಸಣ್ಣ ಮುದ್ರಣ ಯಂತ್ರ ಕಿರ್ರೆಂದು ಕಾರ್ಡು ಉಗುಳಿತು.

ಡಿಸೆಂಬರ್ ಮೂವತ್ತೊಂದು.

ಕೊಳದ ಆಚೆ ದಡದಲ್ಲಿ ಚಿಕ್ಕ ಹುಡುಗಿಯರ ಹೆಸರು ಕೂಗಲು ಶುರು ಮಾಡಿದ್ದರು. ಅತ್ತಿಗೆ ಕಾರ್ಡನ್ನು ದಿಟ್ಟಿಸಿ, ಹಣೆ ಚಚ್ಚಿಕೊಂಡು, ಹಳೆಯ ಅಚ್ಚನ್ನೇ ಎತ್ತಿ ಕೊಡುತ್ತಿದೆ ಎಂದರು. ಒಮ್ಮೆ ಮಾಡಿದ ಅಕ್ಷರವನ್ನು ಯಂತ್ರ ತೆಗೆದಿಟ್ಟುಕೊಂಡು, ಕೇಳಿದಾಗಲೆಲ್ಲ ಅದನ್ನೇ ಬಡಿಸುತ್ತದಂತೆ. ಅದನ್ನು ಚೆಲ್ಲಿ ಹೊಸದಾಗಿ ಮಾಡು ಎಂದು ಹೇಳಬೇಕು. ಹೇಳಿದರು. ಮತ್ತೆ ಗುಂಡಿ, ಮತ್ತೆ ಕಿರ್ರ್. ಕಾರ್ಡು ಇಂಚಿಂಚಾಗಿ ಹೊರಗೆ ಬಂತು. ಫೋಟೋದ ಟೋಪಿ, ಹಣೆ, ಮೂಗು, ಹೆಸರು.

ಜನವರಿ ಒಂದು. ಇಸವಿ ನಾಲ್ಕು ಅಂಕಿಯಲ್ಲಿ.

ಅದನ್ನು ಹಿಡಿದು ಓಡಿದೆ. ಕೊಳದ ದಡದಲ್ಲಿ ಓಡಬಾರದೆಂದು ಸೀಟಿ ಮೇಷ್ಟ್ರು ನನ್ನ ಮೇಲೇ ಸೀಟಿ ಊದಿದರು. ಊದಿಕೊಳ್ಳಲಿ. ಅವರ ಅಂಗೈಗೆ ಕಾರ್ಡು ಇಟ್ಟೆ. ಓದಿದರು, ಮಗಳ ಕಡೆ ನೋಡಿ ಹಲಗೆಯ ಕಡೆ ತಲೆ ಆಡಿಸಿದರು. ಅವಳು ನಡೆದು ಹೋಗಲಿಲ್ಲ, ಹಾರಿಕೊಂಡು ಹೋದಳು. ಈ ಸಲ ಮೇಷ್ಟ್ರು ಸೀಟಿ ಊದಲಿಲ್ಲ.

ಆ ಈಜನ್ನು ಹೇಗೆ ಹೇಳುವುದೋ ನನಗೆ ತಿಳಿಯದು. ಮೊದಲು ಹಿಂದೆ ಬಿದ್ದಳು. ತಿರುಗುವಾಗ ಗೋಡೆಯನ್ನು ಒದ್ದ ಒದೆತದಲ್ಲಿ ಆ ಬೆಳಗಿನ ಸಿಟ್ಟೆಲ್ಲ ಇತ್ತು, ನನ್ನ ಮಗಳಲ್ಲವೇ. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ನಾನು ಕಂಬಿ ಹಿಡಿದು ಕೂಗಿ ಕೂಗಿ ಗಂಟಲು ಬಿತ್ತು. ಕೊನೆಯಲ್ಲಿ ಪಕ್ಕದವಳ ಬೆರಳಿಗಿಂತ ಮುಂಚೆ ನಮ್ಮವಳ ಬೆರಳು ಗೋಡೆ ಮುಟ್ಟಿತು. ಮೂರನೆಯವಳು. ಶಿಬಿರಕ್ಕೆ ಆಯ್ಕೆಯಾದಳು. ನಾನು ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಮಗಳು ನೀರಿನಿಂದ ಎದ್ದವಳು ನನ್ನ ಕಡೆ ಬರುತ್ತಾಳೆಂದು ಕೈ ಚಾಚಿದೆ. ನನ್ನ ಪಕ್ಕದಿಂದಲೇ ಹಾದು ಕಾರ್ಡಿನ ಮೇಜಿಗೆ ಓಡಿದಳು. ಅಲ್ಲಿ ಕಾರ್ಡು ಸರಿ ಮಾಡಿಸಲು ಬಂದ ಮಕ್ಕಳ ಸಾಲು ಬಾಗಿಲು ದಾಟಿತ್ತು, ಅತ್ತಿಗೆ ತಲೆ ಎತ್ತದೆ ಒಂದೊಂದೇ ಕಾರ್ಡು ಓದಿ ಕೊಡುತ್ತಿದ್ದರು. ಅವರು ಸ್ಪರ್ಧೆ ನೋಡಿರಲೇ ಇಲ್ಲ.

"ಅತ್ತೆ, ನಾನು ಈಜಿದ್ದು ನೋಡಿದ್ರಾ?"

"ಇಲ್ಲ ಪುಟ್ಟಾ. ಆದ್ರೆ ನಿಮ್ಮಮ್ಮ ಕೂಗಿದ್ದು ಕೇಳಿಸ್ತು. ಅದ್ರಲ್ಲೇ ಎಲ್ಲಾ ಗೊತ್ತಾಯ್ತು."

ಅವಳು ಒದ್ದೆ ಮೈಯಲ್ಲೇ ಅವರನ್ನು ಅಪ್ಪಿಕೊಂಡಳು. ಅತ್ತಿಗೆ ಒಂದು ಕೈಯಿಂದ ಅವಳ ಬೆನ್ನು ಸವರುತ್ತಾ ಇನ್ನೊಂದು ಕೈಯಿಂದ ಲ್ಯಾಪ್‌ಟಾಪನ್ನು ನೀರಿನಿಂದ ದೂರ ಸರಿಸಿದರು. ನಾನು ಸೋತ ಮುಖ ಹೊತ್ತು ಹೋಗಿ, ಬೆಂಕಿ, ಬಾವಿ ಎಂದೆಲ್ಲ ಅಂದದ್ದು ಕೇಳಿಸಿತ್ತೇ ಎಂದು ಮೆಲ್ಲಗೆ ಕೇಳಿದೆ. ಕೇಳಿಸಿತ್ತು, ಬಾವಿ ತೋಡಿಯೂ ಆಯಿತಲ್ಲ ಎಂದು ನಕ್ಕರು.

ಮಕ್ಕಳ ಸಾಲು ಮುಗಿದ ಮೇಲೆ ಮಗಳು ಹಳೆಯ ತಪ್ಪು ಕಾರ್ಡನ್ನು ಏನು ಮಾಡಲಿ ಎಂದಳು. ಅತ್ತಿಗೆ ಇಸಿದುಕೊಂಡರು. ಅದು ಈಗ ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಅವರ ಮೇಜಿನ ಎದುರಿನ ಗೋಡೆಯಲ್ಲಿದೆ. ನಾನು ಹೋಗಿ ನೋಡಿದ್ದೇನೆ. ತಾರೀಖನ್ನು ಮುಟ್ಟುವ ಯಾವ ಕೋಡನ್ನು ಯಾರೇ ಬರೆದರೂ, ಅದು ಹೊರಗೆ ಹೋಗುವ ಮುಂಚೆ ಒಂದು ಪರೀಕ್ಷೆಯಲ್ಲಿ ಗೆಲ್ಲಬೇಕಂತೆ. ನನ್ನ ಮಗಳ ಹುಟ್ಟಿದ ದಿನವನ್ನು ಅದಕ್ಕೆ ಕೊಡುತ್ತಾರೆ. ಗಡಿಯಾರವನ್ನು ಲೋಕದ ಮೂಲೆ ಮೂಲೆಗೂ ಇಟ್ಟು ನೋಡುತ್ತಾರೆ. ಎಲ್ಲಿಟ್ಟರೂ ಜನವರಿ ಒಂದು ಎಂದೇ ಬರಬೇಕು. ಆ ಪರೀಕ್ಷೆಗೆ ಅತ್ತಿಗೆ ಇಟ್ಟ ಹೆಸರು ಕಪ್ಪೆಮರಿ.

ಹೀಗಾಗಿ ಆ ಕಚೇರಿಯಲ್ಲಿ ನನ್ನ ಮಗಳು ದಿನವೂ ಹೊಸದಾಗಿ ಹುಟ್ಟುತ್ತಾಳೆ. ಬಾಗಿಲಲ್ಲಿ ಕಾಯುವವರು ಈಗಲೂ ಅತ್ತಿಗೆಯೇ, ಮೊದಲು ತಾರೀಖು ನೋಡಿ ಆಮೇಲೆ ಮುಖ ನೋಡುತ್ತಾರೆ.